ಬಿಟ್ಟ ಮೆಟ್ಟಿಲಿನಿಂದಲೇ



ಹಳ್ಳಿಯ ಸರ್ಕಾರಿ ಶಾಲೆಯ ಮಾತು ಬಂದರೆ ಸಾಕು, ಮಕ್ಕಳಿಲ್ಲ, ಕಲಿಕೆಯಿಲ್ಲ ಎಂಬ ನಿಟ್ಟುಸಿರು. ಈ ಎರಡೂ ಕೊರತೆಗೆ ಒಟ್ಟಿಗೇ ಉತ್ತರ ಹುಡುಕಿದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕು.

ಅಲ್ಲಿ ಕಾಡಂಚಿನ ಹಾಡಿಗಳ ಎಷ್ಟೋ ಕುಟುಂಬಗಳು ಕಾಫಿ ಕುಯ್ಲಿಗೆಂದು ಮಕ್ಕಳ ಸಮೇತ ಕೊಡಗಿಗೆ ಹೋಗುವುದುಂಟು. ಮರಳುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ಹಿಂದೆ ಬಿದ್ದ ಮಗು ನಾಚಿ ಶಾಲೆಯನ್ನೇ ಬಿಡುತ್ತದೆ.

1995ರ ಸುಮಾರಿಗೆ ಆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನೊಂದಿಗೆ 'ನಲಿ ಕಲಿ' ಎಂಬ ಕಲಿಕಾ ಪದ್ಧತಿಯನ್ನು ರೂಪಿಸಿದರು. ಗೋಡೆಯ ಮೇಲೆ ಪಾಠಗಳನ್ನು ಮೆಟ್ಟಿಲುಗಳಾಗಿ ತೋರಿಸುವ ಕಲಿಕಾ ಏಣಿ. ಒಂದೊಂದು ಮೆಟ್ಟಿಲಿಗೂ ಪುಟ್ಟ ಚಿತ್ರವಿರುವ ಕಾರ್ಡು. ಚಿತ್ರ ಗುರುತಿಸಿ ಮಗು ತಾನೇ ಕಾರ್ಡು ತಂದು ತನ್ನ ಗುಂಪಿನಲ್ಲಿ ಕೂರುತ್ತದೆ. ಬರೆಯಲು ಕೈಗೆಟಕುವ ಕರಿಹಲಗೆ. ತಿಂಗಳು ಶಾಲೆ ತಪ್ಪಿಸಿಕೊಂಡ ಮಗುವೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. 2009-10ರಲ್ಲಿ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು.

ಇದರಲ್ಲೊಂದು ದೊಡ್ಡ ತಿಳಿವಳಿಕೆಯಿದೆ. ದಾಖಲಾತಿ ಬೇರೆ, ಫಲಿತಾಂಶ ಬೇರೆ ಅಲ್ಲ. ತನಗೆ ತಿಳಿಯುತ್ತಿದೆ ಎಂದು ಅನಿಸಿದ ಮಗು ಸುಲಭಕ್ಕೆ ಶಾಲೆ ಬಿಡುವುದಿಲ್ಲ. ಆದರೆ ಇಂಥ ಕಲಿಕೆಗೆ ಪ್ರತಿ ಮಗುವಿನ ಪಕ್ಕ ಕೂರುವಷ್ಟು ಬಿಡುವಿರುವ ಶಿಕ್ಷಕರು ಬೇಕು. ಹುದ್ದೆ ಖಾಲಿ ಬಿಟ್ಟು ಶಾಲೆಯನ್ನು ದೂರುವುದು ನ್ಯಾಯವಲ್ಲ.

ನಮ್ಮ ಪಾಲಿನ ಕೆಲಸವೂ ಇದೆ. ನಮ್ಮೂರಿನ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗೋಣ. ಕಟ್ಟಡ, ಕಾಂಪೌಂಡಿನ ಮಾತಿಗೂ ಮೊದಲು ಕೇಳೋಣ: ಬಾರದ ಮಗು ಯಾವುದು, ಯಾಕೆ ಬರಲಿಲ್ಲ? ಅದನ್ನು ಕರೆತರುವ ಹೊಣೆ ಊರಿನದು.