ಪೆಟ್ಟಿಗೆ ಕೆಟ್ಟರೂ ಗಂಟು ಉಳಿಯಬೇಕು

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಭಾಷೆ, ಗಡಿ, ಶಾಲೆಗಳ ಪ್ರಶ್ನೆಗಳು ಚರ್ಚೆಗೆ ಬರುವ ಈ ವೇದಿಕೆಯಲ್ಲಿ ನಾನು ಯಂತ್ರವೊಂದರ ಕುರಿತು ಮಾತನಾಡಹೊರಟಿರುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ಹೊರನಾಡಿನಲ್ಲಿ ನಾವು ಆಡಿದ ನಾಟಕ, ನಡೆಸಿದ ತಾಳಮದ್ದಳೆ, ತೀರಿಹೋದ ಹಿರಿಯರ ದನಿ ಇವನ್ನೆಲ್ಲ ಕಾಪಾಡುವ ಹೊಣೆ ಬಹುಮಟ್ಟಿಗೆ ನಮ್ಮ ಮನೆಗಳ ಕಪಾಟುಗಳ ಮೇಲೆಯೇ ಬಿದ್ದಿದೆ.

ಅಂಥದೊಂದು ಕಪಾಟು ನನ್ನ ಮನೆಯಲ್ಲೂ ಇದೆ. ತಂದೆಯವರು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟ ಧ್ವನಿಗಳನ್ನು ಗಣಕಕ್ಕಿಳಿಸಿ, ಎರಡು ಡಿಸ್ಕುಗಳ ನೆಟ್‌ವರ್ಕ್ ಸಂಗ್ರಹ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಒಂದು ಡಿಸ್ಕಿನಲ್ಲಿ ಬರೆದುದು ಇನ್ನೊಂದರಲ್ಲೂ ಮೂಡುವ ಕನ್ನಡಿ ಏರ್ಪಾಡು ಅದು. ಕಳೆದ ಮಳೆಗಾಲದ ಒಂದು ಮುಂಜಾನೆ ಪೆಟ್ಟಿಗೆಯ ದೀಪ ಹೊತ್ತಲಿಲ್ಲ. ಅಂಗಡಿಯವರು, "ಹೊಸದು ಕೊಳ್ಳಿ, ಒಳಗಿದ್ದುದು ಹೋಯಿತೆಂದೇ ತಿಳಿಯಿರಿ" ಎಂದರು. ಅದು ನಿಜವಲ್ಲವೆಂದು ಮನಗಾಣಲು ನನಗೆ ಒಂದು ವಾರ ಬೇಕಾಯಿತು.

ಪೆಟ್ಟಿಗೆಯ ಸಾವು ಡಿಸ್ಕಿನ ಸಾವಲ್ಲ; ಇದು ಮೊದಲ ಪಾಠ. ಎಷ್ಟೋ ಸಲ ಕೆಟ್ಟಿರುವುದು ವಿದ್ಯುತ್ ಅಡಾಪ್ಟರ್ ಮಾತ್ರ. ಅಷ್ಟೇ ವೋಲ್ಟೇಜಿನ, ಸಾಕಷ್ಟು ಆಂಪಿಯರಿನ ಇನ್ನೊಂದನ್ನು ಹಚ್ಚಿ ನೋಡಬೇಕು. ನನ್ನದರಲ್ಲಿ ಮುಖ್ಯ ಫಲಕವೇ ಸುಟ್ಟಿತ್ತು. ಡಿಸ್ಕುಗಳನ್ನು ಹೊರತೆಗೆಯುವ ಮುನ್ನ ಯಾವುದು ಯಾವ ಗೂಡಿನದೆಂದು ಚೀಟಿ ಅಂಟಿಸಿದೆ.

ಅದೇ ತಯಾರಕರ ಹೊಸ ಮಾದರಿ ಹಲವು ವೇಳೆ ಹಳೆಯ ಡಿಸ್ಕುಗಳನ್ನು ಇದ್ದಂತೆಯೇ ಸ್ವೀಕರಿಸುತ್ತದೆ. ಯಾವ ಮಾದರಿಯಿಂದ ಯಾವುದಕ್ಕೆಂಬುದನ್ನು ತಯಾರಕರ ಪಟ್ಟಿಯಲ್ಲಿ ಮೊದಲೇ ನೋಡಿಕೊಳ್ಳಬೇಕು. "ಇನಿಶಿಯಲೈಸ್" ಅಥವಾ "ಫಾರ್ಮ್ಯಾಟ್" ಎಂದು ಯಂತ್ರ ಕೇಳಿದರೆ ಒಪ್ಪದೆ ಅಲ್ಲಿಗೇ ನಿಲ್ಲಿಸಬೇಕು. ಒಪ್ಪಿದರೆ ಸರ್ವಸ್ವವೂ ಹೋಗಬಹುದು.

ನಾನು ಬೇರೆ ತಯಾರಕರ ಪೆಟ್ಟಿಗೆಯನ್ನೂ ಹೊಸ ಡಿಸ್ಕುಗಳನ್ನೂ ತಂದೆ. ಮನೆಬಳಕೆಯ ಇಂಥ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಒಳಗೆ ಲಿನಕ್ಸ್ ಆಧಾರದ ಮೇಲೆಯೇ ನಡೆಯುತ್ತವೆ. ಆದ್ದರಿಂದ ಹಳೆಯ ಡಿಸ್ಕನ್ನು ಲಿನಕ್ಸ್ ಗಣಕಕ್ಕೆ ಜೋಡಿಸಿ, ಓದಲು ಮಾತ್ರ ಅವಕಾಶವಿರುವಂತೆ ತೆರೆಯಬಹುದು. ಕನ್ನಡಿ ಏರ್ಪಾಡಿಗೆ ಒಂದೇ ಡಿಸ್ಕು ಸಾಕು. ಗೂಢಲಿಪೀಕರಿಸಿದ್ದರೆ ಕೀಲಿಪದವೂ ಬೇಕು.

ಇಲ್ಲಿ ನನ್ನ ಎದೆ ಒಡೆಯಿತು. ಮೊದಲು ತೆರೆದ ಡಿಸ್ಕಿನಲ್ಲಿ ಕೊನೆಯ ಎಂಟು ತಿಂಗಳ ಕೆಲಸವೇ ಇರಲಿಲ್ಲ. ಅದು ಎಂದೋ ಜೋಡಿಯಿಂದ ಕಳಚಿಹೋಗಿತ್ತು. ಎಚ್ಚರಿಕೆಯ ಪತ್ರಗಳು ನಾನು ಬಿಟ್ಟುಬಿಟ್ಟ ಹಳೆಯ ಮಿಂಚಂಚೆ ವಿಳಾಸಕ್ಕೆ ಹೋಗುತ್ತಿದ್ದವು. ಪ್ರತಿ ಡಿಸ್ಕಿನ ಮೇಲೂ ಕೊನೆಯ ನವೀಕರಣದ ಹೊತ್ತು ಮತ್ತು ಘಟನೆಗಳ ಎಣಿಕೆ ದಾಖಲಾಗಿರುತ್ತದೆ. ಎಮ್‌ಡಿಆ್ಯಡ್ಮ್ ಎಂಬ ಉಪಕರಣ ಅದನ್ನು ತೋರಿಸುತ್ತದೆ. ಎಣಿಕೆ ಹೆಚ್ಚಿದ್ದ ಎರಡನೆಯ ಡಿಸ್ಕಿನಲ್ಲಿ ಎಲ್ಲವೂ ಇತ್ತು. ಸೆಕೆಂಡಿಗೆ ೧೦೦ ಮೆಗಾಬೈಟ್ ವೇಗದಲ್ಲಿ ೪ ಟೆರಾಬೈಟ್ ನಕಲಿಸಲು ಸುಮಾರು ೧೧ ಗಂಟೆ ಬೇಕು. ನಕಲು ಮುಗಿದ ಮೇಲೆ ಕಡತಗಳ ಪರೀಕ್ಷಾಮೊತ್ತ ತಾಳೆ ನೋಡಿದೆ. ಅಲ್ಲಿಯವರೆಗೆ ಹಳೆಯ ಡಿಸ್ಕುಗಳನ್ನು ಅಳಿಸಲಿಲ್ಲ. ಡಿಸ್ಕು ಟಕಟಕ ಸದ್ದು ಮಾಡುತ್ತಿದ್ದರೆ ಈ ಪ್ರಯೋಗ ಬೇಡ, ತಜ್ಞರ ಬಳಿಗೆ ಒಯ್ಯಿರಿ.

ಬಹುಡಿಸ್ಕು ಏರ್ಪಾಡಿಗೆ ರೇಯ್ಡ್ ಎಂಬ ಹೆಸರು ಪ್ರಚಾರಕ್ಕೆ ಬಂದುದು ೧೯೮೮ರಲ್ಲಿ, ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬವರ ಪ್ರಬಂಧದಿಂದ. ಅದು ಡಿಸ್ಕು ಕೆಟ್ಟಾಗ ಆಸರೆಯಾಗುತ್ತದೆ. ಕೈತಪ್ಪಿ ಅಳಿಸಿದುದಕ್ಕೆ, ಕಳವಿಗೆ, ನೆರೆಗೆ, ಸಿಡಿಲಿಗೆ ಅದರಲ್ಲಿ ಮದ್ದಿಲ್ಲ. ಅದಕ್ಕೆ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆಡೆ ಎಂಬ ನಿಯಮವಿದೆ.

ಆ "ಬೇರೆಡೆ" ನಮ್ಮಲ್ಲಿ ಹಲವರಿಗೆ ಆಗಲೇ ಇದೆ. ಊರಿನ ಮನೆ! ಹಬ್ಬಕ್ಕೆ ಹೋಗುವಾಗ ಉಡುಗೊರೆಯ ಜೊತೆಗೆ ಒಂದು ಡಿಸ್ಕನ್ನೂ ಒಯ್ಯಿರಿ, ಬರುವಾಗ ಹಳೆಯದನ್ನು ತನ್ನಿರಿ. ಊರಿನ ಮನೆ ಇಲ್ಲದವರು ಸಂಘದ ಇನ್ನೊಬ್ಬ ಸದಸ್ಯರೊಡನೆ ಅದಲುಬದಲು ಮಾಡಿಕೊಳ್ಳಬಹುದು. ಇಂದು ಮನೆಗೆ ಹೋದೊಡನೆ ನಿಮ್ಮ ಪೆಟ್ಟಿಗೆಯ ಎಚ್ಚರಿಕೆಗಳು ಯಾವ ವಿಳಾಸಕ್ಕೆ ಹೋಗುತ್ತಿವೆಯೆಂದು ದಯವಿಟ್ಟು ನೋಡಿ.