ಹೆಂಗಸರ ಸಾಲು ಯಾಕೆ ಉದ್ದ?

(ಮಹಿಳಾ ವಿಭಾಗದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಲಿಖಿತ ರೂಪ)

ವಿಮಾನ ನಿಲ್ದಾಣದ ಕ್ಯೂ ಬಗ್ಗೆ ಮಾತಾಡುತ್ತೇನೆ ಎಂದಾಗ ನಮ್ಮ ಕಾರ್ಯದರ್ಶಿಯವರು, "ಅದರಲ್ಲಿ ಮಾತಾಡೋಕೆ ಏನಿದೆ, ನಿಲ್ಲೋದು ತಾನೆ?" ಎಂದು ನಕ್ಕರು. ನಾನು ಕಾಲೇಜಿನಲ್ಲಿ ಕಲಿಸುವ ಗಣಿತದಲ್ಲಿ ಕ್ಯೂಗೆಂದೇ ಒಂದು ಶಾಖೆ ಇದೆ. ಡೆನ್ಮಾರ್ಕಿನ ಏರ್ಲಾಂಗ್ ಎಂಬವರು 1909ರಲ್ಲಿ ಟೆಲಿಫೋನ್ ಕರೆಗಳ ಲೆಕ್ಕ ಹಾಕಿದರಲ್ಲ, ಅಲ್ಲಿಂದ ಅದು ಬೆಳೆದು ಬಂದಿದೆ. ಇವತ್ತು ಆ ಲೆಕ್ಕವನ್ನು ನಮ್ಮದೇ ಒಂದು ಸಾಲಿಗೆ ಹಾಕಿ ನೋಡೋಣ.

ಹುಬ್ಬಳ್ಳಿಗೋ ಮಂಗಳೂರಿಗೋ ಹೊರಟಾಗ ನಾವು ನಾಲ್ಕು ಕಡೆ ನಿಲ್ಲುತ್ತೇವೆ. ಹೊರಬಾಗಿಲು, ಲಗೇಜು ಕೌಂಟರ್, ಸೆಕ್ಯೂರಿಟಿ, ಕೊನೆಗೆ ವಿಮಾನದ ಗೇಟು. ಹೊರಬಾಗಿಲಿನ ಕ್ಯೂಗೆ ಮದ್ದು ಅಂತ 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಗಳಲ್ಲಿ ಡಿಜಿಯಾತ್ರಾ ಶುರುವಾಯಿತು. ಮುಖ ತೋರಿಸಿದರೆ ಬಾಗಿಲು ತೆರೆಯುತ್ತದೆ. ಒಳ್ಳೆಯದೇ. ಆದರೆ ಅದು ಉಳಿಸುವುದು ಟಿಕೆಟ್ಟು, ಗುರುತಿನ ಚೀಟಿ ನೋಡುವ ಸಮಯವನ್ನು. ಮೈ ತಪಾಸಣೆಯ ಮುಂದೆ ಆ ಆಪ್‌ನ ಆಟ ನಡೆಯುವುದಿಲ್ಲ. ಗೇಟಿನ ಸಾಲಂತೂ ಬಹಳ ಮಟ್ಟಿಗೆ ನಾವೇ ಕಟ್ಟಿಕೊಂಡದ್ದು. ಸೀಟಿನ ನಂಬರು ಕೈಯಲ್ಲೇ ಇದ್ದರೂ ಕರೆಯುವ ಮೊದಲೇ ಎದ್ದು ನಿಲ್ಲುತ್ತೇವೆ!

ಉಳಿದದ್ದು ಪರದೆ ಕಟ್ಟಿದ ಆ ಚಿಕ್ಕ ಬೂತು. ನಾನು ಆಗಾಗ ಹೋಗುವ ಒಂದು ನಿಲ್ದಾಣದಲ್ಲಿ ಗಂಡಸರಿಗೆ ಮೂರು ಕಡೆ ತಪಾಸಣೆ ನಡೆಯುತ್ತಿದ್ದರೆ ಹೆಂಗಸರಿಗೆ ತೆರೆದಿರುವುದು ಒಂದೇ. ಬೆಳಗಿನ ಆಫೀಸು ವಿಮಾನಗಳಲ್ಲಿ ಹೆಂಗಸರು ಕಮ್ಮಿ, ಅದೇ ಸಾಕಾದೀತು. ಮದುವೆ ಸೀಸನ್ನಿನಲ್ಲಿ, ದೀಪಾವಳಿ ರಜೆಯಲ್ಲಿ, ಶುಕ್ರವಾರ ಸಂಜೆ? ಆಗಲೂ ಒಂದೇ. ಆ ಸಾಲು ನೋಡಿ, "ಹೆಂಗಸರು ಅಂದ್ರೆ ಹೀಗೇ, ಬಳೆ, ಪಿನ್ನು, ವ್ಯಾನಿಟಿ ಬ್ಯಾಗು" ಎನ್ನುವವರಿಗೆ ಬರವಿಲ್ಲ. ನಮ್ಮಲ್ಲೇ ಕೆಲವರು ಹಾಗೆ ಹೇಳುತ್ತಾರೆ, ಅದು ಇನ್ನೂ ಬೇಸರ.

ಲೆಕ್ಕ ಏನು ಹೇಳುತ್ತದೆ ನೋಡಿ. ಒಬ್ಬೊಬ್ಬರ ತಪಾಸಣೆಗೆ ಸರಾಸರಿ ಒಂದು ನಿಮಿಷ ಎಂದುಕೊಳ್ಳಿ. ಅಂದರೆ ಒಂದು ಬೂತಿಗೆ ಗಂಟೆಗೆ 60 ಜನರ ಶಕ್ತಿ. ಗಂಟೆಗೆ 48 ಜನ ಬಂದರೆ, ತಪಾಸಣೆಯೂ ಸೇರಿ ಒಬ್ಬರಿಗೆ ಸರಾಸರಿ 5 ನಿಮಿಷ ಹಿಡಿಯುತ್ತದೆ. 54 ಬಂದರೆ 10 ನಿಮಿಷ. 57 ಬಂದರೆ 20! ಹೆಚ್ಚಾದದ್ದು ಬರೀ 9 ಜನ, ಸಮಯ ಮಾತ್ರ ನಾಲ್ಕು ಪಟ್ಟು. ಯಾರೂ ನಿಧಾನ ಮಾಡಲಿಲ್ಲ, ತಪಾಸಣೆ ಅದೇ ಒಂದು ನಿಮಿಷದ್ದು. ಜನ ಗಡಿಯಾರ ನೋಡಿಕೊಂಡು ಒಬ್ಬೊಬ್ಬರಾಗಿ ಬರುವುದಿಲ್ಲ, ಗುಂಪುಗುಂಪಾಗಿ ಬರುತ್ತಾರೆ. ಬೂತು ತುಂಬುತ್ತಾ ಬಂದಂತೆ ಹಿಂದೆ ಉಳಿದ ಬಾಕಿಯನ್ನು ತೀರಿಸಲು ಬಿಡುವೇ ಸಿಗುವುದಿಲ್ಲ. ಬ್ಯಾಂಕಿನ ಸಾಲದ ಹಾಗೆ.

ಈಗ ಎರಡನೆಯ ಬೂತು ತೆರೆಯಿರಿ. ಸಾಲು ಒಂದೇ ಇರಲಿ, ಯಾವುದು ಖಾಲಿಯೋ ಅಲ್ಲಿಗೆ ಮುಂದಿನವರು ಹೋಗಲಿ. ಅದೇ 54 ಜನ ಬಂದರೂ ಈಗ ಒಬ್ಬರಿಗೆ ಹಿಡಿಯುವುದು ಸುಮಾರು ಒಂದೂಕಾಲು ನಿಮಿಷ. ಹತ್ತರಿಂದ ಐದಕ್ಕೆ ಇಳಿದೀತು ಎಂದು ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಊಹಿಸುತ್ತಾರೆ, ಉತ್ತರ ನೋಡಿ ಬೆರಗಾಗುತ್ತಾರೆ. ಹುಬ್ಬಳ್ಳಿಯ ಬಿಸಿಲಿಗೆ ಒಂದು ಮಳೆ ಬಿದ್ದ ಹಾಗೆ.

ಇದರಿಂದ ಗಂಡಸರಿಗೂ ಲಾಭವಿದೆ. ನಮ್ಮ ಬ್ಯಾಗಿನ ಟ್ರೇ ಎಕ್ಸ್‌ರೇ ದಾಟಿ ಆಚೆ ಬಂದಿರುತ್ತದೆ, ನಾವು ಈಚೆ ಸಾಲಿನಲ್ಲಿರುತ್ತೇವೆ. ಎತ್ತಿಕೊಳ್ಳುವವರಿಲ್ಲದೆ ಟ್ರೇಗಳು ಒಂದರ ಹಿಂದೊಂದು ಸಿಕ್ಕಿಬೀಳುತ್ತವೆ, ಕೊನೆಗೆ ಬೆಲ್ಟೇ ನಿಲ್ಲುತ್ತದೆ. ನಮ್ಮ ಮೊಬೈಲು, ಪರ್ಸು, ಮಗುವಿನ ಹಾಲಿನ ಬಾಟಲಿ ಎಲ್ಲ ಅಲ್ಲಿ ಯಾರ ಕಣ್ಣಳತೆಯಲ್ಲೂ ಇಲ್ಲದೆ ಬಿದ್ದಿರುತ್ತವೆ ಎಂಬುದು ಬೇರೆ ಮಾತು. ಒಂಟಿಯಾಗಿ ಹೊರಟ ವಯಸ್ಸಾದ ಅಮ್ಮನಿಗೆ ಆ ಹೊತ್ತಿನಲ್ಲಿ ಆಗುವ ಗಾಬರಿ ನಿಮಗೆ ಗೊತ್ತು. ಹೊರಡುವುದಕ್ಕೆ 25 ನಿಮಿಷ ಮೊದಲು ಗೇಟು ಮುಚ್ಚುವ ವಿಮಾನಗಳಿವೆ. ಇಲ್ಲಿ ಹೋದ 20 ನಿಮಿಷ ಸಣ್ಣದಲ್ಲ.

ಹಾಗಾದರೆ ಎರಡನೆಯ ಬೂತು ಯಾಕೆ ತೆರೆದಿರುವುದಿಲ್ಲ? ಬೂತು ಇದ್ದರೂ ಒಳಗೆ ನಿಲ್ಲುವ ಮಹಿಳಾ ಸಿಬ್ಬಂದಿ ಬೇಕು. 1999ರ ಡಿಸೆಂಬರಿನ ಕಂದಹಾರ್ ಅಪಹರಣದ ಬಳಿಕ, 2000ದ ಫೆಬ್ರವರಿಯಲ್ಲಿ ಜೈಪುರದಿಂದ ಆರಂಭಿಸಿ ನಿಲ್ದಾಣಗಳ ಭದ್ರತೆಯನ್ನು ಸಿಐಎಸ್‌ಎಫ್ ವಹಿಸಿಕೊಂಡಿತು. 2024ರಲ್ಲಿ ಆ ಪಡೆಯಲ್ಲಿ ಮಹಿಳೆಯರು ಶೇಕಡಾ 7ರ ಆಸುಪಾಸು ಇದ್ದರು. 2024ರ ನವೆಂಬರಿನಲ್ಲಿ ಅದರ ಮೊದಲ ಪೂರ್ಣ ಮಹಿಳಾ ಬೆಟಾಲಿಯನ್‌ಗೆ, 1,025 ಹುದ್ದೆಗಳಿಗೆ, ಕೇಂದ್ರ ಒಪ್ಪಿಗೆ ಕೊಟ್ಟಿತು. ನನ್ನ ಮಟ್ಟಿಗೆ ಹೊಸ ಆಪ್‌ಗಿಂತ ಇದೇ ದೊಡ್ಡ ಸುದ್ದಿ. ಪಾಳಿಯುದ್ದಕ್ಕೂ ಕೈ ಎತ್ತಿ ಇಳಿಸಿ ತಪಾಸಣೆ ಮಾಡುವ ಆ ಹುಡುಗಿಯರ ಮೇಲೆ ರೇಗಬೇಡಿ. ಅವರಿಗೂ ಬದಲಿಗೆ ಒಬ್ಬರು ಬೇಕಾಗಿದೆ.

ಎಲ್ಲ ಹೊತ್ತಿಗೂ ಎರಡು ಬೂತು ಕೊಡಿ ಎಂದು ಕೇಳಿದರೆ ಯಾರೂ ಕೊಡಲಾರರು. ಯಾವ ವಾರ, ಯಾವ ಹೊತ್ತು ಎಂದು ತೋರಿಸಿ ಕೇಳಿದರೆ ಕಿವಿಗೊಟ್ಟಾರು. ಅದಕ್ಕೆ ನಮ್ಮ ಗುಂಪಿನಲ್ಲಿ ಒಂದು ಶೀಟು ಹಾಕಿದ್ದೇನೆ. ಮುಂದಿನ ಸಲ ಊರಿಗೆ ಹೊರಟವರು ನಾಲ್ಕೇ ವಿಷಯ ಬರೆಯಿರಿ: ದಿನ, ಸಾಲಿಗೆ ಸೇರಿದ ಸಮಯ, ಪರದೆಯಿಂದ ಹೊರಬಂದ ಸಮಯ, ತೆರೆದಿದ್ದ ಬೂತುಗಳು ಎಷ್ಟು. ಒಳಗೆ ಫೋಟೋ ತೆಗೆಯಬೇಡಿ. ದೀಪಾವಳಿ ಪ್ರಯಾಣ ಮುಗಿದ ಮೇಲೆ ಲೆಕ್ಕ ಕೂಡಿಸಿ, ಸಂಘದ ಲೆಟರ್‌ಹೆಡ್ಡಿನಲ್ಲಿ ನಿಲ್ದಾಣದವರಿಗೆ ಕಳಿಸೋಣ. ಕನ್ನಡದಲ್ಲಿ ಬರೆದುಕೊಟ್ಟರೆ ಇಂಗ್ಲಿಷಿಗೆ ತಿರುಗಿಸಲು ನಮ್ಮ ಖಜಾಂಚಿಯವರು ಒಪ್ಪಿದ್ದಾರೆ.