ಕ್ಯಾಶ್‌ಗೂ ಒಂದು ಆರಂಭಿಕ ಶಿಲ್ಕು



ಕಾರ್ಯಕ್ರಮ ಪಟ್ಟಿಯಲ್ಲಿ ‘ಕ್ಯಾಶ್’ ಎಂದು ನೋಡಿ, ಚಾರ್ಟರ್ಡ್ ಅಕೌಂಟೆಂಟ್ ತೆರಿಗೆ ಉಳಿಸುವ ದಾರಿ ಹೇಳುತ್ತಾನೆ ಎಂದುಕೊಂಡು ಯಾರಾದರೂ ಮುಂದಿನ ಸಾಲಿನಲ್ಲಿ ಕೂತಿದ್ದರೆ ಕ್ಷಮಿಸಿ. ಇದು ರೊಕ್ಕದ ಕ್ಯಾಶ್ ಅಲ್ಲ, ಕಂಪ್ಯೂಟರಿನದು. ಮಗಳು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಅವಳ ಪ್ರಾಜೆಕ್ಟಿನ ಪಕ್ಕದಲ್ಲಿ ಕೂತು ನಾನು ಕಲಿತದ್ದಿಷ್ಟು.

ಪ್ರೊಸೆಸರಿಗೆ ಮುಖ್ಯ ಮೆಮೊರಿ ದೂರದ ಗೋದಾಮಿದ್ದಂತೆ. ಕ್ಯಾಶ್ ಎಂದರೆ ಗಲ್ಲಾಪೆಟ್ಟಿಗೆಯ ಪಕ್ಕದ ಸಣ್ಣ ಕಪಾಟು. ಕಪಾಟು ತುಂಬಿದಾಗ ಹೊಸ ಸಾಮಾನಿಗಾಗಿ ಹಳೆಯದರಲ್ಲಿ ಯಾವುದನ್ನು ತೆಗೆಯಬೇಕು? ಮೊದಲು ಬಂದದ್ದು ಮೊದಲು ಹೋಗಲಿ ಎಂಬುದು ಫಿಫೊ. ದಾಸ್ತಾನಿನ ಬೆಲೆ ಕಟ್ಟುವ ನಮಗೆ ಹಳೆಯ ಪರಿಚಯ. ಬಹಳ ಹೊತ್ತಿನಿಂದ ಯಾರೂ ಕೇಳದ್ದು ಹೋಗಲಿ ಎಂಬುದು ಎಲ್‌ಆರ್‌ಯು. ಕೇಳಲು ನ್ಯಾಯವಾಗಿಯೇ ಇದೆ.

ಆದರೆ ಕಪಾಟಿನಲ್ಲಿ ನಾಲ್ಕೇ ಜಾಗ, ಗಿರಾಕಿ ಮಾತ್ರ ಐದು ಸಾಮಾನನ್ನು ಒಂದೇ ಕ್ರಮದಲ್ಲಿ ಸುತ್ತಿ ಸುತ್ತಿ ಕೇಳುತ್ತಾನೆ ಎನ್ನಿ. ಎಲ್‌ಆರ್‌ಯು ಪ್ರತಿ ಸಲವೂ ಮರುಕ್ಷಣ ಬೇಕಾಗುವುದನ್ನೇ ಹೊರಹಾಕುತ್ತದೆ. ಒಂದು ಸಲವೂ ಸಾಮಾನು ಕೈಗೆ ಸಿಗುವುದಿಲ್ಲ! ಮುಂದೆ ಎಲ್ಲಕ್ಕಿಂತ ತಡವಾಗಿ ಬೇಕಾಗುವುದನ್ನು ತೆಗೆದರೆ, ನಾಲ್ಕರಲ್ಲಿ ಮೂರು ಸಲ ಸಿಗುತ್ತದೆ. ಕಾಗದದ ಮೇಲೆ ಬರೆದು ನೋಡಿ, ನಾನೂ ಹಾಗೆಯೇ ನಂಬಿದ್ದು. ಈ ಅತ್ಯುತ್ತಮ ನಿಯಮವನ್ನು 1966ರಲ್ಲಿ ಐಬಿಎಂನ ಬೆಲಾಡಿ ವಿವರಿಸಿದರು. ಭವಿಷ್ಯ ಗೊತ್ತಿರಬೇಕು, ಅದೊಂದೇ ತೊಡಕು. ಸಿಮ್ಯುಲೇಟರಿನಲ್ಲಿ ಪ್ರೋಗ್ರಾಮಿನ ನಡೆ ಮೊದಲೇ ದಾಖಲಾಗಿರುವುದರಿಂದ ಅದನ್ನು ಅಳತೆಗೋಲಾಗಿ ಬಳಸಬಹುದು. ಆಡಿಟರುಗಳ ಜಾಣತನವೂ ಇಂಥದ್ದೇ, ಎಲ್ಲ ಮುಗಿದ ಮೇಲಿನದು.

ನಿಯಮಕ್ಕೂ ಖರ್ಚಿದೆ. 2 ಎಂಬಿ ಕ್ಯಾಶ್‌ನಲ್ಲಿ 64 ಬೈಟಿನ 32,768 ಸಾಲುಗಳು. ಒಂದು ಸೆಟ್ಟಿಗೆ 16 ಸಾಲಾದರೆ, ಪೂರ್ತಿ ಎಲ್‌ಆರ್‌ಯು ಸರದಿ ಇಡಲು ಸಾಲಿಗೆ 4 ಬಿಟ್, ಒಟ್ಟು 16 ಕೆಬಿ. 2010ರಲ್ಲಿ ಬಂದ ಆರ್‌ಆರ್‌ಐಪಿ ಎಂಬ ವಿಧಾನ ಸಾಲಿಗೆ 2 ಬಿಟ್‌ನಲ್ಲೇ, ಅಂದರೆ 8 ಕೆಬಿಯಲ್ಲಿ ಕೆಲಸ ಮುಗಿಸುತ್ತದೆ. ಹೊಸದಾಗಿ ಬಂದದ್ದನ್ನು ಅದು ತಕ್ಷಣ ನಂಬುವುದಿಲ್ಲ, ಮತ್ತೊಮ್ಮೆ ಕೇಳಿದರೆ ಮಾತ್ರ ಉಳಿಸಿಕೊಳ್ಳುತ್ತದೆ. ಉದ್ರಿ ಕೊಡುವ ಅಂಗಡಿಯವರ ಬುದ್ಧಿ.

ಮಗಳು ಇದನ್ನೇ ಸ್ವಲ್ಪ ಬದಲಿಸಿ, ಚಾಂಪ್‌ಸಿಮ್ ಎಂಬ ಸಿಮ್ಯುಲೇಟರಿನಲ್ಲಿ ಓಡಿಸಿ, “ಅಪ್ಪಾ, ಎಲ್ಲ ಪ್ರೋಗ್ರಾಮಿನಲ್ಲೂ ನನ್ನದೇ ಮುಂದೆ” ಎಂದು ಕೋಷ್ಟಕ ತೋರಿಸಿದಳು. ಖುಷಿಯಾಯಿತು. ಆದರೆ ಇಪ್ಪತ್ತು ವರ್ಷದ ಚಾಳಿ ಬಿಡುತ್ತದೆಯೇ? ಎಲ್ಲ ಸಾಲಿನಲ್ಲೂ ಲಾಭ ಕಂಡರೆ ನನಗೆ ನಿದ್ದೆ ಬರುವುದಿಲ್ಲ. “ಆರಂಭಿಕ ಶಿಲ್ಕು ಎರಡಕ್ಕೂ ಒಂದೇನಾ?” ಎಂದು ಕೇಳಿದೆ.

ಮೊದಲು ನಕ್ಕಳು, ಆಮೇಲೆ ಸುಮ್ಮನಾದಳು. ಲೆಕ್ಕ ಶುರುಮಾಡುವ ಮುನ್ನ ಕ್ಯಾಶನ್ನು ಸ್ವಲ್ಪ ಹೊತ್ತು ಓಡಿಸಿ ತುಂಬಿಸುತ್ತಾರೆ; ಅದಕ್ಕೆ ವಾರ್ಮ್-ಅಪ್ ಎನ್ನುತ್ತಾರೆ. ಎಲ್‌ಆರ್‌ಯುವಿನ ಅಂಕಿಗಳು ಹಳೆಯ ಸ್ಕ್ರಿಪ್ಟಿನವು, ಅದರಲ್ಲಿ ವಾರ್ಮ್-ಅಪ್ ಸೊನ್ನೆ ಇತ್ತು. ಖಾಲಿ ಕಪಾಟಿನ ಅಂಗಡಿಯನ್ನು ತುಂಬಿದ ಕಪಾಟಿನದರ ಜೊತೆ ಹೋಲಿಸಿದ ಹಾಗಾಗಿತ್ತು.

ಎರಡು ರಾತ್ರಿ ಎಲ್ಲವನ್ನೂ ಮತ್ತೆ ಓಡಿಸಿದಳು. ಹೆಚ್ಚಿನ ಕಡೆ ಲಾಭ ಕರಗಿತು, ಎರಡು ಕಡೆ ನಷ್ಟವೇ ಬಂತು. ಸುತ್ತಿ ಸುತ್ತಿ ಓದುವ ಪ್ರೋಗ್ರಾಮುಗಳಲ್ಲಿ ಮಾತ್ರ ಗೆಲುವು ಉಳಿಯಿತು. ಅಷ್ಟರಲ್ಲಿ ಹಳೆಯ ಕೋಷ್ಟಕ ಗೈಡ್ ಕೈಸೇರಿತ್ತು. “ಈಗ ಹೇಳಿದರೆ ಅಂಕ ಹೋಗುತ್ತೆ ಅಪ್ಪಾ” ಎಂದಳು. ಹೋಗಬಹುದು ಎಂದೆ, ಬೇರೆ ಏನು ಹೇಳಲಿ? ಬೆಳಿಗ್ಗೆ ನಾನೇಳುವ ಹೊತ್ತಿಗೆ ಮೇಲ್ ಕಳಿಸಿಯಾಗಿತ್ತು. ಹಳೆಯ ಕೋಷ್ಟಕ, ಹೊಸ ಕೋಷ್ಟಕ, ನಡುವೆ ಏನು ತಪ್ಪಾಯಿತು ಎಂಬ ಮೂರು ಸಾಲು.

ವೈವಾ ಮುಂದಿನ ಗುರುವಾರ. ಆರತಕ್ಷತೆಯ ಊಟ ಬಿಟ್ಟು ನಾನು ಬೇಗ ಹೊರಟರೆ ಬೇಸರ ಮಾಡಿಕೊಳ್ಳಬೇಡಿ, ಇವತ್ತು ಸ್ಲೈಡ್ ತಿದ್ದುವುದಿದೆ.